ಕಬ್ಬಿಣದೊಳಗಿನ ಬಿರುಕು ಹುಡುಕಿದ ಚರಿತ್ರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಬೆಳೆಗೆಂದು ತುಂಬಿದ್ದ ನೀರು ರೈತರ ಕಣ್ಣೆದುರೇ ನದಿ ಪಾಲಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಕಿಂಡಿ ಮುಚ್ಚಲು ಒಂದು ವಾರ ಹಿಡಿಯಿತು. ಕೆ.ಆರ್.ಎಸ್. ಹಿನ್ನೀರಿನ ಮಗ್ಗುಲಲ್ಲೇ ಇರುವ ನಮ್ಮ ಕೃಷ್ಣರಾಜನಗರದವರಿಗೆ ಇದು ದೂರದೂರಿನ ಸುದ್ದಿಯಲ್ಲ. ಹೊರಗೆ ಗಟ್ಟಿಯಾಗಿ ಕಾಣುವ ಕಬ್ಬಿಣದಲ್ಲಿ ಬಿರುಕಿದೆಯೇ ಎಂದು ಮೊದಲೇ ತಿಳಿಯುವುದು ಹೇಗೆ? ಈ ಹುಡುಕಾಟಕ್ಕೆ ಇನ್ನೂರು ವರ್ಷದ ಚರಿತ್ರೆಯಿದೆ.

1824ರಲ್ಲಿ ಪ್ಯಾರಿಸ್ಸಿನ ಅರಾಗೋ ಒಂದು ವಿಚಿತ್ರ ಗಮನಿಸಿದರು. ತಾಮ್ರದ ತಟ್ಟೆ ತಿರುಗಿದರೆ ಅದರ ಮೇಲೆ ತೂಗುಬಿಟ್ಟ ಅಯಸ್ಕಾಂತದ ಮುಳ್ಳೂ ಜೊತೆಗೆ ತಿರುಗುತ್ತಿತ್ತು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಮತ್ತೆ ಎಳೆದದ್ದು ಏನು? 1831ರಲ್ಲಿ ಫ್ಯಾರಡೆ ಉತ್ತರ ಕೊಟ್ಟರು: ಬದಲಾಗುವ ಕಾಂತಕ್ಷೇತ್ರ ಲೋಹದೊಳಗೆ ವಿದ್ಯುತ್ ಹುಟ್ಟಿಸುತ್ತದೆ. ಅದು ಸುಳಿಸುಳಿಯಾಗಿ ಹರಿಯುವುದರಿಂದ ಸುಳಿ ವಿದ್ಯುತ್ ಎನ್ನುತ್ತಾರೆ. ಚುಂಚನಕಟ್ಟೆಯಲ್ಲಿ ಕಾವೇರಿಯ ಸುಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಡೆ ಅಡ್ಡ ಬಂದರೆ ನೀರಿನ ದಾರಿ ಬದಲಾಗುತ್ತದೆ. ಲೋಹದಲ್ಲಿ ಬಿರುಕಿದ್ದರೆ ಸುಳಿ ವಿದ್ಯುತ್ತೂ ಬಳಸಿಕೊಂಡು ಹೋಗಬೇಕು. ಮೇಲೆ ಹಿಡಿದ ತಂತಿಸುರುಳಿ ಆ ವ್ಯತ್ಯಾಸವನ್ನು ಗುರುತಿಸುತ್ತದೆ.

ಇದನ್ನು ಮೊದಲು ಪರೀಕ್ಷೆಗೆ ಬಳಸಿದವರು ಡೇವಿಡ್ ಹ್ಯೂಸ್. 1879ರಲ್ಲಿ ಅವರು ಎರಡು ಸುರುಳಿಗಳಲ್ಲಿ ಒಂದೊಂದು ನಾಣ್ಯವಿಟ್ಟು ಟೆಲಿಫೋನಿಗೆ ಕಿವಿಗೊಟ್ಟರು. ಎರಡೂ ಒಂದೇ ತರದ್ದಾದರೆ ಸದ್ದಿಲ್ಲ, ಒಂದು ಖೋಟಾ ಆದರೆ ಸದ್ದು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಫ್ರೀಡ್ರಿಕ್ ಫೋರ್ಸ್ಟರ್ ಇದನ್ನು ಕಾರ್ಖಾನೆಗಳು ನಂಬುವಂಥ ಉಪಕರಣವಾಗಿಸಿದರು.

ಆದರೆ ಉಪಕರಣ ಇದ್ದ ಮಾತ್ರಕ್ಕೆ ಅಪಘಾತ ನಿಲ್ಲಲಿಲ್ಲ. 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಬಿರುಕು ಬಿಟ್ಟಿದ್ದ ಹಳಿ ಚೂರಾಗಿ ರೈಲು ಉರುಳಿ ನಾಲ್ವರು ಸತ್ತರು. ಆ ಹಳಿ ಕೆಟ್ಟಿದೆ ಎಂಬುದು ಮೊದಲೇ ಗೊತ್ತಿತ್ತು, ಬದಲಿಸಿರಲಿಲ್ಲ.

ನಮ್ಮ ರಾಜ್ಯದಲ್ಲೂ ಈ ವಿದ್ಯೆ ಹೊಸದೇನಲ್ಲ. ಕೈಗಾದಂಥ ಅಣುವಿದ್ಯುತ್ ಸ್ಥಾವರಗಳಲ್ಲಿ ಉಗಿ ಹುಟ್ಟಿಸುವ ಸಣ್ಣ ಕೊಳವೆಗಳೊಳಗೆ ಸುರುಳಿ ತೂರಿಸಿ ಪರೀಕ್ಷಿಸುತ್ತಾರೆ. ವಿಮಾನದ ರಿವೆಟ್ ತೂತುಗಳ ಸುತ್ತಲಿನ ಬಿರುಕನ್ನೂ ಹೀಗೇ ಹುಡುಕುತ್ತಾರೆ.

ಇದಕ್ಕೆ ಮಿತಿಯೂ ಇದೆ. ಉಕ್ಕಿನಲ್ಲಿ ಸುಳಿ ವಿದ್ಯುತ್ ಆಳಕ್ಕಿಳಿಯದೆ ಚರ್ಮದಂಥ ಮೇಲ್ಪದರದಲ್ಲೇ ಉಳಿಯುತ್ತದೆ. ಆಳದ ದೋಷಕ್ಕೆ ಅಲ್ಟ್ರಾಸೌಂಡ್ ಬೇಕು. ನಮ್ಮ ರೈಲ್ವೆ ಹಳಿಗಳನ್ನು ನೋಡುವುದು ಹೆಚ್ಚಾಗಿ ಅದರಿಂದಲೇ. ಆದರೆ ಬಣ್ಣ ಕೆರೆಯದೆಯೇ ಬಣ್ಣದಡಿಯ ಬಿರುಕು ಹಿಡಿಯುವುದು ಸುಳಿ ವಿದ್ಯುತ್ತಿನ ಹೆಚ್ಚುಗಾರಿಕೆ. ಬಣ್ಣ ಬಳಿದು ನಿಲ್ಲಿಸಿದ ಗೇಟಿನ ವೆಲ್ಡಿಂಗ್ ಜೋಡಣೆಗಳಿಗೆ ಬೇಕಾದದ್ದು ಇದೇ.

ಅಣೆಕಟ್ಟೆಗೆ ಬಣ್ಣ ಹೊಡೆದಾಗ, ದೀಪ ಹಾಕಿದಾಗ ನಾವು ಸುದ್ದಿ ಬರೆಯುತ್ತೇವೆ. ಗೇಟನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದರು, ಏನು ಸಿಕ್ಕಿತು, ಸಿಕ್ಕಿದ್ದನ್ನು ಸರಿಪಡಿಸಿದರೇ ಎಂಬ ಮೂರು ಪ್ರಶ್ನೆಗಳನ್ನೂ ಮಳೆಗಾಲಕ್ಕೆ ಮುಂಚೆಯೇ ಕೇಳಬೇಕು. ನೀರು ಬಂದ ಮೇಲೆ ಗೇಟಿನ ಹತ್ತಿರ ಹೋಗುವುದೂ ಕಷ್ಟ.