ಸಿದ್ದಿನಾಸನ ಪೂಜೆ ಮತ್ತು ದಿನಾಂಕವಿಲ್ಲದ ಬಿಡುಗಡೆ

ಕೊಟ್ಟೂರಿನ ತೇರಿಗೂ ಹಡಗಲಿ ಸೀಮೆಯ ಮೈಲಾರದ ಕಾರಣಿಕಕ್ಕೂ ನೆರೆಯುವ ಜನಸಾಗರವನ್ನು ಬಲ್ಲ ನಮಗೆ, ಯಲ್ಲಾಪುರದ ಕಾಡಿನಲ್ಲಿ ಸಿದ್ದಿ ಜನರು ವರ್ಷಕ್ಕೊಮ್ಮೆ ನಡೆಸುವ ಸಿದ್ದಿನಾಸನ ಪೂಜೆಯು ತೀರ ಚಿಕ್ಕದಾಗಿ ತೋರಬಹುದು. ಆದರೆ ಇತಿಹಾಸಕಾರನ ಮುಂದೆ ಅದು ಒಡ್ಡುವ ಪ್ರಶ್ನೆ ಚಿಕ್ಕದಲ್ಲ.

ಸಿದ್ದಿಗಳು ಆಫ್ರಿಕ ಮೂಲದವರು. ಹದಿನಾರನೆಯ ಶತಮಾನ ಮೊದಲ್ಗೊಂಡು ಪೋರ್ಚುಗೀಸರು ಇವರ ಪೂರ್ವಿಕರಲ್ಲಿ ಬಹುಮಂದಿಯನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡುಗಳನ್ನು ಸೇರಿದರು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಬಂದು, ಅಹಮದ್‌ನಗರದ ರಾಜ್ಯಸೂತ್ರವನ್ನೇ ಹಿಡಿದ ಮಲಿಕ್ ಅಂಬರನ (ಮರಣ 1626) ಹೆಸರು ದಖ್ಖನಿನ ಚರಿತ್ರೆಯನ್ನೋದಿದವರಿಗೆಲ್ಲ ಪರಿಚಿತವಾದುದು. ಅವನಿಗೆ ಚರಿತ್ರಗ್ರಂಥಗಳುಂಟು, ಚಿತ್ರಗಳುಂಟು, ಖುಲ್ದಾಬಾದಿನಲ್ಲಿ ಗೋರಿಯುಂಟು. ಕಾಡು ಸೇರಿದವರ ಪಾಲಿಗೆ ಕಾಗದಪತ್ರಗಳು ಬಲು ವಿರಳ. ಓಡಿಹೋದವನು ತನ್ನ ಜಾಡನ್ನು ತಾನೇ ಬರೆದಿಡುವನೇ?

ಅಮೆರಿಕದ ಟೆಕ್ಸಸ್ ಪ್ರಾಂತದ ಕಪ್ಪು ಜನರಿಗೆ ಬಿಡುಗಡೆಯ ಆಜ್ಞೆಯನ್ನು 1865ರ ಜೂನ್ 19ರಂದು ಸಾರಲಾಯಿತು. ಆ ದಿನವು ಅವರ ಹಬ್ಬವಾಗಿ, 2021ರಲ್ಲಿ ರಾಷ್ಟ್ರೀಯ ರಜೆಯೂ ಆಯಿತು. ಸಿದ್ದಿಗಳಿಗೆ ಅಂಥದೊಂದು ದಿನವಿಲ್ಲ. ಗುಲಾಮಗಿರಿಗಿದ್ದ ನ್ಯಾಯಾಲಯದ ಮನ್ನಣೆಯನ್ನು ಬ್ರಿಟಿಷ್ ಇಂಡಿಯದಲ್ಲಿ 1843ರ ಕಾಯಿದೆ ತೆಗೆದುಹಾಕಿತು. ತನ್ನ ಅಧೀನ ದೇಶಗಳಲ್ಲಿ ಅದನ್ನು ರದ್ದುಗೊಳಿಸುವ ಆಜ್ಞೆಯನ್ನು ಪೋರ್ಚುಗಲ್ 1869ರಲ್ಲಿ ಹೊರಡಿಸಿತು. ಘಟ್ಟವನ್ನೇರಿ ಪಾರಾದವರು ಯಾವ ಆಜ್ಞೆಗೂ ಕಾಯಲಿಲ್ಲ.

ಹಾಗಾದರೆ ಸಿದ್ದಿನಾಸನ ಪೂಜೆಯನ್ನು ಬಿಡುಗಡೆಯ ಹಬ್ಬವೆನ್ನಬಹುದೇ? ಆತುರದಿಂದ ಹಾಗೆ ಹೆಸರಿಡಲು ನಾವು ಹಿಂಜರಿಯುತ್ತೇವೆ. ಅದು ಮೂಲತಃ ಹಿರಿಯರ ಆರಾಧನೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಮತಗಳಿಗೆ ಸೇರಿದ ಸಿದ್ದಿಗಳೆಲ್ಲರೂ ಅಲ್ಲಿ ಕೂಡುವರು. ದಮಾಮಿಯೆಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವುದು ಅವರಲ್ಲಿ ವಾಡಿಕೆ. ಕುಣಿತಕ್ಕೂ ಅದೇ ಹೆಸರು. ಮನೆಮಾತು ಬಹುಪಾಲು ಕೊಂಕಣಿ. ಪೂರ್ವಿಕರು ಆಡುತ್ತಿದ್ದ ಭಾಷೆಗಳು ಮರೆತುಹೋಗಿವೆ. ಆದರೂ ಒಂದು ಮಾತನ್ನು ಹೇಳಬೇಕು. ಗುಲಾಮನಾಗಿ ಮಾರಾಟವಾದವನಿಗೆ ಮೊದಲು ತಪ್ಪುವುದು ಅವನ ವಂಶ. ಕೊಂಡವನು ಇಟ್ಟದ್ದೇ ಹೆಸರು, ಒಪ್ಪಿಸಿದ್ದೇ ಮತ. ಅಂಥವರ ಸಂತತಿಯು, ಮತಗಳು ಮೂರಾದ ಮೇಲೆಯೂ, ತಮಗೊಬ್ಬ ಹಿರಿಯನುಂಟೆಂದು ಒಂದೆಡೆ ಸೇರಿ ಎಡೆಯಿಡುವುದನ್ನು ಕೇವಲ ಗ್ರಾಮದೈವದ ಪೂಜೆಯ ಸಾಲಿಗೆ ಸೇರಿಸಿ ಮುಂದೆ ಸಾಗುವುದು ನಮಗೆ ಸಮ್ಮತವಲ್ಲ.

ಸರಕಾರದ ಲೆಕ್ಕವಾದರೋ ಈ ಜನರನ್ನು ಬಹುಕಾಲ ಒಂದೆಂದು ಕಾಣಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರ ನೆಂಟರಿಷ್ಟರು ಅದೇ ಹೆಸರಿಗಾಗಿ 2020ರವರೆಗೆ ಕಾಯಬೇಕಾಯಿತು.