ಕೋವಿಯ ಶೋಧನವೂ ಇತಿಹಾಸದ ಶೋಧನವೂ

‘ಶೋಧನ’ವೆಂಬ ಶಬ್ದಕ್ಕೆ ನಿರ್ಮಲಗೊಳಿಸುವುದೆಂದೂ ಹುಡುಕಿ ಪರೀಕ್ಷಿಸುವುದೆಂದೂ ಎರಡು ಅರ್ಥಗಳುಂಟು. ಶುಕ್ರನೀತಿಯು ನಾಲಾಸ್ತ್ರವನ್ನು ಕುರಿತು ಹೇಳುವಲ್ಲಿ, ಮೊದಲು ನಳಿಗೆಯನ್ನು ಶೋಧಿಸಿ, ಬಳಿಕ ಅಗ್ನಿಚೂರ್ಣವನ್ನು ತುಂಬಿ, ದಂಡದಿಂದ ಅದನ್ನು ಬುಡಕ್ಕೆ ದೃಢವಾಗಿ ಒತ್ತಬೇಕೆಂದು ವಿಧಿಸುತ್ತದೆ. ಈ ಭಾಗವು ಪ್ರಾಚೀನವಲ್ಲವೆಂದು ಅನೇಕ ವಿದ್ವಾಂಸರ ಮತ. ಅದು ಹೇಗೂ ಇರಲಿ, ಹಳೆಯ ಸೈನಿಕ ಕೋವಿಯೊಂದು ಹೊಸದಾಗಿ ಕೈಸೇರಿದಾಗ ಶೋಧನದ ಎರಡರ್ಥಗಳೂ ಒಂದೇ ಕಾರ್ಯದಲ್ಲಿ ಕೂಡಿಬರುತ್ತವೆ. ಮೊದಲನೆಯದನ್ನು ಅವಿವೇಕದಿಂದ ಮಾಡಿದರೆ ಎರಡನೆಯದಕ್ಕೆ ಆಸ್ಪದವೇ ಉಳಿಯುವುದಿಲ್ಲವೆಂಬುದು ಇಲ್ಲಿ ವಿಚಾರಣೀಯವಾದ ಸಂಗತಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯು ಕೋವಿಯ ಸದ್ದನ್ನು ಚೆನ್ನಾಗಿ ಅರಿತ ನಾಡು. ಬೆಳ್ತಂಗಡಿಯ ಬಳಿಯ ಜಮಾಲಾಬಾದಿನ ಕೋಟೆಯನ್ನು ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿದನು. 1799ರಲ್ಲಿ ಅದು ಕಂಪನಿಯ ವಶವಾಯಿತು. ಮರುವರ್ಷವೇ ತಿಮ್ಮನಾಯಕನ ಕೈಸೇರಿ, ದೀರ್ಘವಾದ ಮುತ್ತಿಗೆಯ ಬಳಿಕ ಮತ್ತೆ ಕಂಪನಿಗೆ ಹೋಯಿತು. 1837ರಲ್ಲಿ ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು ಜನರ ಬಾಯಲ್ಲಿ ಉಳಿದಿರುವ ದಂಡು ಬಂಟ್ವಾಳದ ಮಾರ್ಗವಾಗಿ ಮಂಗಳೂರನ್ನು ಪ್ರವೇಶಿಸಿತು. ನಂದಾವರದ ಬಂಗರಸನು ಅದರೊಡನೆ ಸೇರಿ ಕಡೆಗೆ ಗಲ್ಲಿಗೇರಿದನು. ಇಂತಹ ನಾಡಿನ ಮನೆಯ ಅಟ್ಟದಲ್ಲಿ ಹಳೆಯ ಕೋವಿಯೊಂದು ದೊರೆತರೆ, ‘ಇದು ಕಾಟುಕಾಯಿಯ ಬೆಡಿ’ ಎಂದೋ ‘ಸುಲ್ತಾನನ ಕಾಲದ್ದು’ ಎಂದೋ ಐತಿಹ್ಯ ಹುಟ್ಟುವುದು ಸಹಜ. ಐತಿಹ್ಯದ ಸತ್ಯಾಸತ್ಯತೆಗೆ ಸಾಕ್ಷಿ ಹೇಳಬಲ್ಲುದು ಆ ಕೋವಿಯೇ.

ಆಯುಧದ ಹೆಸರುಗಳಲ್ಲಿಯೂ ಚರಿತ್ರೆಯುಂಟು. ತುಪಾಕಿಯು ತುರುಕ ಭಾಷಾಮೂಲದ್ದು. ಬಂದೂಕು ಅರಬ್ಬಿಯಿಂದ ಬಂದುದು. ತುಳುವರ ಬೆಡಿಯು ತಮಿಳು ಮಲೆಯಾಳಗಳ ‘ವೆಡಿ’ಯ ಸೋದರ. ಚಕಮಕಿಯ ಕಲ್ಲನ್ನು ಕಚ್ಚಿಕೊಂಡು ಹೊಡೆಯುವ ಭಾಗಕ್ಕೆ ಕುದುರೆಯೆಂದೂ, ಮದ್ದನ್ನು ಜಡಿಯುವ ಕೋಲಿಗೆ ಗಜವೆಂದೂ ಹೆಸರು.

ಶೋಧನಕ್ಕೆ ತೊಡಗುವವನು ಮೊದಲು ತಿಳಿಯಬೇಕಾದುದು ಒಳಗೆ ಈಡು ಉಳಿದಿದೆಯೆ ಎಂಬುದು. ಗಜವನ್ನು ಬಾಯಿಂದ ತಳದವರೆಗೆ ಇಳಿಸಿ ಗುರುತು ಮಾಡಿ, ಹೊರಗೆ ನಳಿಗೆಯ ಮಗ್ಗುಲಲ್ಲಿಟ್ಟು ನೋಡಿದರೆ, ಅದರ ತುದಿ ಕಿಡಿ ಹೋಗುವ ರಂಧ್ರದ ಸಮೀಪಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ಮದ್ದೋ ಗುಂಡೋ ಕಸವೋ ಒಳಗಿದೆ. ನೂರು ವರ್ಷ ಕಳೆದ ಮದ್ದೂ ಉರಿಯಬಲ್ಲುದಾದುದರಿಂದ ಅಂತಹುದನ್ನು ಬಲ್ಲವರ ಕೈಗೆ ಒಪ್ಪಿಸತಕ್ಕದ್ದು. ಈಡಿಲ್ಲವೆಂದು ನಿಶ್ಚಯವಾದ ಬಳಿಕ ಗಜವನ್ನು ತೆಗೆಯುವುದು. ಮಗ್ಗುಲ ತಿರುಪುಮೊಳೆಗಳನ್ನು ಸಡಿಲಿಸಿ ಕುದುರೆಯ ಯಂತ್ರವನ್ನು ಬಿಡಿಸುವುದು. ಅನಂತರ ಅಡ್ಡಮೊಳೆಗಳನ್ನಾಗಲಿ ಕಟ್ಟುಗಳನ್ನಾಗಲಿ ಕಳಚಿ, ಬಾಲದ ತಿರುಪನ್ನು ಬಿಚ್ಚಿ, ನಳಿಗೆಯನ್ನು ಮರದಿಂದ ಮೇಲೆತ್ತುವುದು. ನಳಿಗೆಯ ಬುಡದ ಬಿರಡೆಯನ್ನು ಮಾತ್ರ ಮುಟ್ಟಲಾಗದು. ಪ್ರತಿಯೊಂದು ತಿರುಪೂ ತನ್ನ ರಂಧ್ರಕ್ಕೇ ಮರಳುವಂತೆ ಗುರುತಿಟ್ಟುಕೊಳ್ಳಬೇಕು.

ಮರದ ಮರೆಯಲ್ಲಿದ್ದ ಲೋಹವೇ ಇಲ್ಲಿ ಶಾಸನ. ನಳಿಗೆಯ ಅಡಿಯಲ್ಲಿ ಕಮ್ಮಾರರ ಮುದ್ರೆಗಳಿರುವುವು. ಯಂತ್ರದ ಫಲಕದ ಮೇಲೆ ನಾಲ್ಕು ಭಾಗ ಮಾಡಿದ ಹೃದಯಾಕೃತಿಯಲ್ಲಿ ಅಕ್ಷರಗಳಿದ್ದರೆ ಅದು ಕಂಪನಿಯ ಚಿಹ್ನೆ. ಕಿರೀಟವನ್ನು ಹಿಡಿದು ನಿಂತ ಸಿಂಹವಿದ್ದರೆ ಅದೇ ಕಂಪನಿಯ ಈಚಿನ ಚಿಹ್ನೆ. ಟಿಪ್ಪುವಿನ ಕಾರ್ಖಾನೆಗಳ ಕೋವಿಗಳಲ್ಲಿ ಹುಲಿಯ ಮುಖವೂ ಹುಲಿಪಟ್ಟೆಯೂ ಮೌಲೂದೀ ವರ್ಷವೂ ಕಾಣಬರುವುವು. ಈ ವರ್ಷದ ವಿಷಯದಲ್ಲಿ ಎಚ್ಚರ ಬೇಕು. 1222 ಎಂಬುದನ್ನು ಹಿಜರಿಯೆಂದು ಗಣಿಸಿದರೆ ಅದು ಕ್ರಿ.ಶ. 1807 ಆಗುವುದು; ಆಗ ಸುಲ್ತಾನನು ಗತಿಸಿ ಎಂಟು ವರ್ಷಗಳಾಗಿದ್ದುವು. ಮೌಲೂದಿಯೆಂದು ಗಣಿಸಿದರೆ 1794ಕ್ಕೆ, ಅಂದರೆ ಜಮಾಲಾಬಾದಿನ ಕೋಟೆ ಎದ್ದ ವರ್ಷಕ್ಕೇ, ಬಂದು ನಿಲ್ಲುವುದು. ಅವನ ನಾಣ್ಯಗಳಲ್ಲಿ ಮೌಲೂದೀ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನೂ ಮರೆಯಲಾಗದು.

ಇನ್ನು 1837ರ ಐತಿಹ್ಯ. ಕೇಪಿನಿಂದ ಸಿಡಿಯುವ ಕೋವಿಯನ್ನು ಬ್ರಿಟಿಷ್ ಸೈನ್ಯವು ಸಾಮಾನ್ಯವಾಗಿ ಅಂಗೀಕರಿಸಿದ್ದು 1840ರ ಸುಮಾರಿಗೆ. ಆದಕಾರಣ ಕೇಪಿನ ಸೈನಿಕ ಕೋವಿಯು ಕಾಟುಕಾಯಿಯದಾಗಿರಲಾರದೆಂದು ತೋರುವುದು. ಆದರೆ ಚಕಮಕಿಯ ಕೋವಿಗಳನ್ನೇ ಎಷ್ಟೋ ಕಡೆ ಅನಂತರ ಕೇಪಿಗೆ ಮಾರ್ಪಡಿಸಿದರು. ಹಾಗೆ ಮಾಡುವಾಗ ಕಿಡಿಮದ್ದಿನ ಬಟ್ಟಲನ್ನು ತೆಗೆದು, ಅದರ ತಿರುಪುರಂಧ್ರಗಳನ್ನು ಲೋಹದಿಂದ ಮುಚ್ಚಿದರು. ಫಲಕವನ್ನು ಬಿಡಿಸಿ ಒಳಮಗ್ಗುಲನ್ನು ನೋಡಿದಾಗ ಆ ಮುಚ್ಚಿದ ರಂಧ್ರಗಳ ವೃತ್ತಗಳು ಕಂಡರೆ, ಕೋವಿಯ ಮೊದಲ ಜನ್ಮವು ಚಕಮಕಿಯದೆಂದು ಸಿದ್ಧವಾಗುವುದು. ಇಷ್ಟರಿಂದ ಐತಿಹ್ಯವು ಸತ್ಯವೆಂದಾಗದು. ಅಸಾಧ್ಯವಲ್ಲವೆಂದು ಮಾತ್ರ ಆಗುವುದು.

ನಳಿಗೆಯ ಒಡಲೂ ಮಾತನಾಡುತ್ತದೆ. 1853ರ ಎನ್‌ಫೀಲ್ಡ್ ರೈಫಲಿನ ರಂಧ್ರವು 0.577 ಅಂಗುಲ, ಅದರೊಳಗೆ ಸುರುಳಿಯಾಗಿ ಕೊರೆದ ಮೂರು ಗಾಡಿಗಳಿಂದ ಗುಂಡು ತಿರುಗುತ್ತ ದೂರಕ್ಕೆ ನೇರವಾಗಿ ಹೋಗುತ್ತಿತ್ತು. 1857ರ ದಂಗೆಯ ತರುವಾಯ ದೇಶೀಯ ಸಿಪಾಯಿಗಳಿಗೆ ಕೊಟ್ಟ ಕೋವಿಯು ಹೊರನೋಟಕ್ಕೆ ಅದರಂತೆಯೇ ಇದ್ದರೂ ಒಳಗೆ ಗಾಡಿಗಳಿಲ್ಲದ, 0.656 ಅಂಗುಲದ ನುಣುಪಾದ ನಳಿಗೆಯದು. ಸಿಪಾಯಿಯ ಗುಂಡು ಗೋರನ ಗುಂಡಿನಷ್ಟು ದೂರ ಮುಟ್ಟಬಾರದೆಂಬ ರಾಜಕೀಯ ಶಂಕೆಯು ಉಕ್ಕಿನಲ್ಲಿಯೇ ಬರೆದಿಟ್ಟ ಲೇಖವಿದು. ಬಾಯಿಂದ ಸಣ್ಣ ದೀಪವನ್ನಿಳಿಸಿ ನೋಡಿದವನಿಗಲ್ಲದೆ ಇದು ಗೋಚರವಾಗದು.

ಇಂತಹ ಲೇಖಗಳಿಗೆ ತುಕ್ಕಿಗಿಂತಲೂ ದೊಡ್ಡ ಶತ್ರು ಅತಿಶುದ್ಧಿ. ಆಯುಧಪೂಜೆಗೆ ಮುನ್ನ ಇಟ್ಟಿಗೆಯ ಪುಡಿಯಿಂದಲೂ ಹುಣಿಸೆಹಣ್ಣಿನಿಂದಲೂ ಕೋವಿಯನ್ನು ಬೆಳ್ಳಗಾಗುವಂತೆ ಉಜ್ಜುವುದು ಭಕ್ತಿಯೇ ಹೌದು. ಆದರೆ ವರ್ಷವರ್ಷವೂ ಹಾಗೆ ಉಜ್ಜಿದರೆ ಮುದ್ರೆಗಳು ಸವೆದು ಮಾಯವಾಗುವುವು. ಕಬ್ಬಿಣಕ್ಕೆ ತೆಳುವಾದ ಯಂತ್ರದೆಣ್ಣೆಯೂ ಮೃದುವಾದ ಕುಂಚವೂ ತಾಳ್ಮೆಯೂ ಸಾಕು. ಸುಟ್ಟ ಮದ್ದಿನ ಕಿಟ್ಟವು ಕ್ಷಾರಯುಕ್ತವಾಗಿ ಗಾಳಿಯ ತೇವವನ್ನು ಹೀರುವುದು. ಅದು ಎಣ್ಣೆಗೆ ಕರಗದೆ ನೀರಿಗೆ ಕರಗುವುದರಿಂದ, ಮರದಿಂದ ಬೇರ್ಪಡಿಸಿದ ನಳಿಗೆಯ ಒಳಗನ್ನು ಮಾತ್ರ ಬಿಸಿನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿ, ಒಡನೆಯೇ ಎಣ್ಣೆ ಪೂಸಬೇಕು. ಮರವನ್ನು ಒದ್ದೆಮಾಡದೆ ಒಣಬಟ್ಟೆಯಿಂದ ಒರಸಿದರೆ ಸಾಕು. ಈ ಸೀಮೆಯ ಆಷಾಢಶ್ರಾವಣಗಳಲ್ಲಿ ಒಂದು ಸಲದ ಎಣ್ಣೆಯನ್ನು ನಂಬಿ ಕೂರಲಾಗದು.

ಮೂಡುಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದುವು. ಆ ಓಲೆಗಳು ಮಾಸಿವೆಯೆಂದು ಅವನ್ನು ಉಜ್ಜಿ ಬೆಳಗಬೇಕೆನ್ನುವ ಪಂಡಿತನಿಲ್ಲ. ಬಂಟ್ವಾಳದ ತುಳು ಅಧ್ಯಯನ ಕೇಂದ್ರ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮೊದಲಾದೆಡೆಗಳಲ್ಲಿ ಈ ನಾಡಿನ ಹಳೆಯ ವಸ್ತುಗಳು ಸಂಗ್ರಹವಾಗಿರುವುವು. ಮನೆಗಳಲ್ಲಿ ಉಳಿದಿರುವ ಆಯುಧಗಳಿಗೂ ಓಲೆಗೆ ಸಲ್ಲುವ ಮರ್ಯಾದೆಯೇ ಸಲ್ಲತಕ್ಕದ್ದು. ಹೊಳೆಯುವ ಕೋವಿಯು ಕಣ್ಣಿಗೆ ಹಬ್ಬ; ಆದರೆ ತನ್ನ ಕಥೆಯನ್ನು ಹೇಳಬಲ್ಲುದು ಮುದ್ರೆ ಉಳಿದ ಮಾಸಲು ಕೋವಿ.