ಕಾಳಿಘಾಟ್ ಪಟ ಯಾರದು?

ಕೋಲ್ಕತ್ತದ ಕಾಳಿಘಾಟ್ ದೇವಸ್ಥಾನದ ಈಗಿನ ಕಟ್ಟಡ ಮುಗಿದದ್ದು 1809ರಲ್ಲಿ. ಯಾತ್ರಿಕರು ಹೆಚ್ಚಿದಂತೆ ಹಳ್ಳಿಗಳ ಪಟುವಾ ಚಿತ್ರಕಾರರು ಗುಡಿಯ ಸುತ್ತ ನೆಲೆಸಿದರು. ಗಿರಣಿ ಕಾಗದದ ಮೇಲೆ ಒಬ್ಬರು ರೇಖೆ ಎಳೆದರೆ ಮನೆಯವರು ಬಣ್ಣ ತುಂಬುತ್ತಿದ್ದರು. ಪಟಕ್ಕೆ ಹೆಸರು ಹಾಕುವ ರೂಢಿ ಇರಲಿಲ್ಲ. ಒಬ್ಬನ ಚಿತ್ರವನ್ನು ಇನ್ನೊಬ್ಬ ನೋಡಿ ಬರೆಯುತ್ತಿದ್ದ, ತನಗೆ ಬೇಕಾದಂತೆ ತಿದ್ದುತ್ತಿದ್ದ. 1873ರಲ್ಲಿ ಬಂಗಾಳವನ್ನು ಕಲಕಿದ ತಾರಕೇಶ್ವರದ ಮಹಂತ ಮತ್ತು ಏಲೋಕೇಶಿಯ ಪ್ರಕರಣವೂ ಹೀಗೆಯೇ ಪಟವಾಗಿ ಹರಡಿತು.

ಮುದ್ರಿತ ಚಿತ್ರಗಳು ಅಗ್ಗವಾದ ಮೇಲೆ ಈ ಕಸುಬು ಸೋತಿತು. ಪಟಗಳು ಸಂಗ್ರಹಾಲಯ ಸೇರಿದವು. ರುಡ್ಯಾರ್ಡ್ ಕಿಪ್ಲಿಂಗ್ 1917ರಲ್ಲಿ ತನ್ನ ತಂದೆಯ ಸಂಗ್ರಹವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟ. ಅಲ್ಲಿನ ಪಟಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು, ಬಳಸಲು ಷರತ್ತುಗಳಿವೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಮಾತ್ರ 2019ರಲ್ಲಿ, ಹಕ್ಕುಸ್ವಾಮ್ಯ ಇಲ್ಲದ ತನ್ನ ಕೃತಿಗಳ ಚಿತ್ರಗಳನ್ನು ಷರತ್ತಿಲ್ಲದೆ ಬಿಟ್ಟುಕೊಟ್ಟಿತು. ಅದರಲ್ಲಿ ಕಾಳಿಘಾಟ್ ಪಟಗಳೂ ಇವೆ.

ವಿದ್ಯಾರ್ಥಿಯ ಕಣ್ಣಿಗೆ ಎರಡೂ ಪುಕ್ಕಟೆ. ಆದರೆ 2002ರ ಯುನೆಸ್ಕೋ ಸಭೆಯಲ್ಲಿ ಹೆಸರು ಪಡೆದ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ಕ್ಕೆ ಪುಕ್ಕಟೆಯಾಗಿದ್ದರೆ ಸಾಲದು, ನಕಲು ಮಾಡುವ, ಅನುವಾದಿಸುವ, ತಿದ್ದಿ ಹಂಚುವ ಹಕ್ಕೂ ಬೇಕು. ಕರ್ನಾಟಕದಲ್ಲಿ 2013ರಲ್ಲಿ ಶುರುವಾದ ಕೆಓಇಆರ್‌ಗೆ ಸರ್ಕಾರಿ ಶಾಲೆಯ ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿ ಬರೆದರು; ಇನ್ನೊಬ್ಬರು ಅದನ್ನು ತಿದ್ದಿ ಬಳಸಬಹುದಾದದ್ದು ಆ ಹಕ್ಕಿನಿಂದ.

ಚಿತ್ರ ಡೌನ್‌ಲೋಡ್ ಮಾಡುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದರ ಕೆಳಗಿನ ಪರವಾನಗಿಯ ಸಾಲನ್ನು ಓದುವುದನ್ನು ಹೇಳಿಕೊಡಬೇಕು. ಆ ಸಾಲು ಓದಬಲ್ಲ ಹುಡುಗಿ ಒಂದು ಪಟಕ್ಕೆ ಕನ್ನಡದ ವಿವರಣೆ ಬರೆದು ಮುಂದಿನ ತರಗತಿಗೆ ದಾಟಿಸುತ್ತಾಳೆ. ಪಟುವಾಗಳು ಮಾಡುತ್ತಿದ್ದದ್ದೂ ಅದನ್ನೇ.